ಮೊಸಳೆ ಗಾಡಿ

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಎರಡನೇ ಮಹಾಯುದ್ಧದ ತರಾವಾ ಕದನದ ಬಗ್ಗೆ ಓದುತ್ತಾ ಕೂತೆ. ಬೆಳಿಗ್ಗೆ ಮೀಟಿಂಗ್‌ನಲ್ಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

1943ರ ನವೆಂಬರ್ 20. ಪೆಸಿಫಿಕ್ ಸಾಗರದ ತರಾವಾದಲ್ಲಿ, ಜಪಾನಿನ ಕೈಲಿದ್ದ ಬೇಶಿಯೋ ಎಂಬ ಚಿಕ್ಕ ದ್ವೀಪ. ಅಮೆರಿಕದ ಮರೀನ್ ಪಡೆ ದಡ ಹತ್ತಬೇಕು. ಸೈನಿಕರನ್ನು ದಡಕ್ಕೆ ಒಯ್ಯುವ ಹಿಗಿನ್ಸ್ ದೋಣಿ ತೇಲೋಕೆ ಸುಮಾರು ನಾಲ್ಕು ಅಡಿ ನೀರು ಬೇಕು. ಅವತ್ತು ಉಬ್ಬರ ಅಷ್ಟು ಏರಲೇ ಇಲ್ಲ. ದೋಣಿಗಳು ಹವಳದ ದಿಬ್ಬದ ಅಂಚಿನಲ್ಲೇ ಕಚ್ಚಿಕೊಂಡವು. ಹುಡುಗರು ನೀರಿಗಿಳಿದು, ಬಂದೂಕು ತಲೆ ಮೇಲೆತ್ತಿ, ಜಪಾನಿ ಮಷಿನ್‌ಗನ್‌ಗಳ ಎದುರು ನೂರಾರು ಮೀಟರ್ ನಡೆದರು. ಮೂರೇ ದಿನದಲ್ಲಿ ಸುಮಾರು ಸಾವಿರ ಮರೀನ್‌ಗಳು ಸತ್ತರು. ನೀರು ಸಾಲದೇ ಹೋಗಬಹುದು ಅಂತ ಆ ದ್ವೀಪಗಳಲ್ಲಿ ಇದ್ದು ಬಂದವರೊಬ್ಬರು ಮೊದಲೇ ಎಚ್ಚರಿಸಿದ್ದರು ಬೇರೆ!

ದಿಬ್ಬ ಹತ್ತಿ ದಾಟಿದ್ದು ಟ್ಯಾಂಕಿನಂತೆ ಪಟ್ಟಿ ಮೇಲೆ ಉರುಳುವ, ನೀರಲ್ಲೂ ತೇಲುವ ಎಲ್‌ವಿಟಿ ಗಾಡಿಗಳು. ಮಜಾ ಏನಂದ್ರೆ, ಅದರ ಮೂಲಕ್ಕೂ ಯುದ್ಧಕ್ಕೂ ಸಂಬಂಧವೇ ಇಲ್ಲ. ಫ್ಲಾರಿಡಾದ ಜೌಗಿನಲ್ಲಿ ಚಂಡಮಾರುತಕ್ಕೆ ಸಿಕ್ಕವರನ್ನು ಎತ್ತಿ ತರೋಕೆ ಡೊನಾಲ್ಡ್ ರೋಬ್ಲಿಂಗ್ ಕಟ್ಟಿದ ಗಾಡಿ ಅದು, ಹೆಸರು 'ಅಲಿಗೇಟರ್', ಅಂದ್ರೆ ಮೊಸಳೆ. (ಬ್ರೂಕ್ಲಿನ್ ಸೇತುವೆ ಕಟ್ಟಿದ ವಾಷಿಂಗ್ಟನ್ ರೋಬ್ಲಿಂಗ್ ಅವರ ಮೊಮ್ಮಗ!) 1937ರಲ್ಲಿ ಲೈಫ್ ಪತ್ರಿಕೆಯಲ್ಲಿ ಫೋಟೋ ಬಂತು. ಅದನ್ನು ನೋಡಿದ ನೌಕಾಪಡೆಯ ಅಧಿಕಾರಿಯೊಬ್ಬರು ಮರೀನ್‌ಗಳಿಗೆ ತೋರಿಸಿದರು.

ಅದೇ ಮರೀನ್‌ಗಳು 1934ರಲ್ಲೇ ದಡ ಇಳಿಯುವುದು ಹೇಗೆ ಅಂತ ಕೈಪಿಡಿ ಬರೆದಿಟ್ಟಿದ್ದರು. ಆದ್ರೂ ಬೇಕಾದ ಗಾಡಿ ಸಿಕ್ಕಿದ್ದು ವಾರಪತ್ರಿಕೆಯಲ್ಲಿ. ಐದು ವರ್ಷದ ಪ್ಲಾನ್ ಶೀಟ್ ತುಂಬಿಸೋ ನಮಗೆ ಇದು ಸ್ವಲ್ಪ ಚುಚ್ಚುತ್ತೆ, ಅಲ್ವಾ?

ತರಾವಾಗೆ ತಂದಿದ್ದ ಎಲ್‌ವಿಟಿಗಳು ಬರೀ 125. ಮುಂದಿನ ದಾಳಿಗಳಿಗೆ ಜಾಸ್ತಿ ತಂದರು. ಈಜುಗಾರರನ್ನು ಮೊದಲೇ ಕಳಿಸಿ ನೀರಿನ ಆಳ ಅಳೆಸಿದರು.