ಚೇಂಬರಿನ ಬಾಗಿಲು ಹಾಕುವ ಮೊದಲು

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೈಪರ್‌ಬೇರಿಕ್ ಆಕ್ಸಿಜನ್ ಚೇಂಬರ್ ನೋಡಿಕೊಳ್ಳುವುದು ನನ್ನ ಕೆಲಸ. ರೋಗಿಗಳ ಬಾಯಲ್ಲಿ ಅದು 'ಗಾಜಿನ ಪೆಟ್ಟಿಗೆ'. ಗಾಜಲ್ಲ, ದಪ್ಪ ಅಕ್ರಿಲಿಕ್. ತಿದ್ದುವುದನ್ನು ಬಿಟ್ಟು ತುಂಬ ಕಾಲವಾಯ್ತು. ನೀವು ಒಳಗೆ ಮಲಗುತ್ತೀರಿ, ನಾವು ಒತ್ತಡ ಏರಿಸುತ್ತೇವೆ, ಒಂದೂವರೆ ಎರಡು ಗಂಟೆ ಶುದ್ಧ ಆಕ್ಸಿಜನ್ ಉಸಿರಾಡುತ್ತೀರಿ. ಆದರೆ ನಿಜವಾದ ಕೆಲಸ ಇರುವುದು ಬಾಗಿಲು ಹಾಕುವ ಮೊದಲಿನ ಹದಿನೈದು ನಿಮಿಷದಲ್ಲಿ. ಇದನ್ನು ನನಗೆ ಕಲಿಸಿದವರು ಒಬ್ಬರು ಅಜ್ಜಿ.

ಶುಗರಿನಿಂದ ಕಾಲಿನ ಗಾಯ ಮಾಯದೆ ಬಂದವರು. ಮೊದಲ ಸಿಟಿಂಗ್. "ಕಿವಿ ನೋವಾದರೆ ಹೇಳಿ ಅಮ್ಮ" ಎಂದೆ, ತಲೆಯಾಡಿಸಿದರು. ಒತ್ತಡ ಏರುತ್ತಿದ್ದಾಗ ಮೈಕಿನಲ್ಲಿ "ಸರಿ ಉಂಟಾ?" ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡೇ ಮತ್ತೆ ತಲೆಯಾಡಿಸಿದರು. ಕೈ ಮಾತ್ರ ಹೊದಿಕೆಯ ಅಂಚನ್ನು ಗಟ್ಟಿ ಹಿಡಿದಿತ್ತು. ನೋಡಿದೆ, ಹೆದರಿಕೆ ಇರಬೇಕು ಅಂದುಕೊಂಡೆ. ಹೊರಗೆ ಬಂದವರು ಕಿವಿಗೆ ಅಂಗೈ ಒತ್ತಿಕೊಂಡು ಕೂತರು. ಡಾಕ್ಟರ್ ನೋಡಿದರೆ ಕಿವಿಯ ತಮಟೆ ಕೆಂಪಗಾಗಿತ್ತು. ನಾಲ್ಕು ದಿನ ಸಿಟಿಂಗ್ ಇಲ್ಲ. "ಯಾಕೆ ಹೇಳಲಿಲ್ಲ?" ಎಂದರೆ, "ಮದ್ದು ಅಂದ ಮೇಲೆ ಸ್ವಲ್ಪ ನೋವು ಇರುವುದೇ ಅಲ್ವಾ ಮಗಾ" ಎಂದರು.

ತಪ್ಪು ಅವರದಲ್ಲ. ಈಗ ನಾನು 'ನೋವಾದರೆ ಹೇಳಿ' ಅನ್ನುವುದೇ ಇಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಹಾಗಾದ ಕೂಡಲೇ ಕೈ ಎತ್ತಿ, ನೋವಿನವರೆಗೆ ಕಾಯಬೇಡಿ ಅನ್ನುತ್ತೇನೆ. ಉಗುಳು ನುಂಗಿ, ಆಕಳಿಸಿ, ಇಲ್ಲವೇ ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿ ಬಿಡದಿದ್ದರೆ ನಾನು ಒತ್ತಡ ಸ್ವಲ್ಪ ಇಳಿಸುತ್ತೇನೆ, ಅವಸರವೇನಿಲ್ಲ. ಶೀತ, ಮೂಗು ಕಟ್ಟಿದ್ದು ಇದ್ದರೆ ಮೊದಲೇ ಹೇಳಿ. ಮಳೆಗಾಲದಲ್ಲಿ ಅರ್ಧ ಸಿಟಿಂಗ್‌ಗಳು ಮುಂದೆ ಹೋಗುವುದು ಇದಕ್ಕೇ.

ಒತ್ತಡ ಯಾಕೆ ಬೇಕು? ಗೋಲಿ ಸೋಡಾ ನೆನಪಿಸಿಕೊಳ್ಳಿ. ಒತ್ತಡ ಇದ್ದಷ್ಟು ಗ್ಯಾಸ್ ನೀರಿನಲ್ಲಿ ಕರಗುತ್ತದೆ. ರಕ್ತದ ಕೆಂಪು ಕಣಗಳು ಮಾಮೂಲಿ ಗಾಳಿಯಲ್ಲೇ ಆಕ್ಸಿಜನ್‌ನಿಂದ ಹೆಚ್ಚುಕಡಿಮೆ ತುಂಬಿರುತ್ತವೆ. ಚೇಂಬರಿನಲ್ಲಿ ಹೊರಗಿನ ಎರಡು, ಎರಡೂವರೆ ಪಟ್ಟು ಒತ್ತಡ, ಅಂದರೆ ಸಮುದ್ರದಲ್ಲಿ ಹತ್ತು ಹದಿನೈದು ಮೀಟರ್ ಆಳಕ್ಕೆ ಇಳಿದ ಹಾಗೆ. ಆಗ ರಕ್ತದ ನೀರಿನಂಶದಲ್ಲೇ ಆಕ್ಸಿಜನ್ ಕರಗಿ, ರಕ್ತ ಸರಿಯಾಗಿ ಹರಿಯದ ಗಾಯಕ್ಕೂ ಹೆಚ್ಚು ಸಿಗುತ್ತದೆ. ಹೊಸ ಸಣ್ಣ ರಕ್ತನಾಳ ಬೆಳೆಯಲು ವಾರಗಳು ಬೇಕು. ಹಾಗಾಗಿ ಕಾಲಿನ ಗಾಯಕ್ಕೆ 20ರಿಂದ 40 ಸಿಟಿಂಗ್. ಮೂರಕ್ಕೇ "ಎಂತ ಗೊತ್ತಾಗಲಿಲ್ಲ" ಎಂದು ಬಿಟ್ಟುಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರು. ಡ್ರೆಸ್ಸಿಂಗ್, ಆಂಟಿಬಯೋಟಿಕ್, ಶುಗರ್ ಹತೋಟಿ ಬಿಟ್ಟು ಬರೀ ಚೇಂಬರ್ ನಂಬಿದವರನ್ನು ನೋಡಿದರೂ ಅಷ್ಟೇ.

ಇನ್ನು ದಿನಾ ಜಗಳ ಆಗುವ ವಿಷಯ, ತೆಂಗಿನೆಣ್ಣೆ. ನಮ್ಮೂರಲ್ಲಿ ತಲೆಗೆ ಎಣ್ಣೆ ಹಾಕದೆ, ಮಲ್ಲಿಗೆ ಮುಡಿಯದೆ ಹೊರಡುವುದು ಹೇಗೆ? ಆದರೆ ಆಕ್ಸಿಜನ್ ತುಂಬಿದ ಪೆಟ್ಟಿಗೆಯಲ್ಲಿ ಎಣ್ಣೆ, ಕ್ರೀಮ್, ಸೆಂಟ್ ಎಲ್ಲವೂ ಬೆಂಕಿಗೆ ಮೇವು. ಪಾಲಿಯೆಸ್ಟರ್ ಸೀರೆಯ ಉಜ್ಜಾಟದ ಒಂದು ಕಿಡಿ ಸಾಕು. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಚೇಂಬರಿಗೆ ಬೆಂಕಿ ಬಿದ್ದು ಐದು ವರ್ಷದ ಹುಡುಗ ಸತ್ತ. ಆದ್ದರಿಂದ ನಾವು ಕೊಡುವ ಹತ್ತಿಯ ಬಟ್ಟೆ ಮಾತ್ರ. ವಾಚ್, ಕಿವಿಯ ಮಿಷನ್, ಮೊಬೈಲ್ ಹೊರಗೆ. "ಸ್ವಿಚ್ ಆಫ್ ಮಾಡಿದ್ದೇನೆ ಮಾರಾಯ್ರೆ" ಅಂದರೂ ಇಲ್ಲ, ಬ್ಯಾಟರಿ ಒಳಗೇ ಇರುತ್ತದಲ್ಲ. ಸೊಂಟದ ಮಡಿಕೆಯಲ್ಲಿ ಬೀಡಿ, ಬೆಂಕಿಪೆಟ್ಟಿಗೆ ಎರಡು ಸಲ ಸಿಕ್ಕಿದೆ. ಬೀಡಿ ಹೇಗೂ ಬಿಡಲೇಬೇಕು, ಅದು ರಕ್ತನಾಳವನ್ನು ಬಿಗಿಯುತ್ತದೆ.

ಶುಗರ್ ಇದ್ದವರು ತಿಂದೇ ಬನ್ನಿ. ಒಳಗೆ ಶುಗರ್ ಇಳಿಯುವುದುಂಟು. ಉಡುಪಿಯಿಂದ ಬಂದ ಒಬ್ಬರು ಏಕಾದಶಿ ಉಪವಾಸದಲ್ಲಿದ್ದರು, ಇನ್ಸುಲಿನ್ ಮಾತ್ರ ತಪ್ಪದೆ ತೆಗೆದುಕೊಂಡಿದ್ದರು. ಬೆರಳು ಚುಚ್ಚಿ ನೋಡಿ ಆ ದಿನ ವಾಪಸ್ ಕಳಿಸಿದೆವು. ಅವರಿಗೆ ಸಿಟ್ಟು ಬಂತು, ಬರಲಿ.

ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದರೆ ಚೇಂಬರ್ ಸದ್ಯಕ್ಕೆ ಬೇಡವೇ ಬೇಡ. ಹಳೆಯ ಟಿಬಿ, ದಮ್ಮು, ಫಿಟ್ಸ್, ಕ್ಯಾನ್ಸರ್ ಮದ್ದು, ಮುಚ್ಚಿದ ಜಾಗದ ಹೆದರಿಕೆ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಇಪ್ಪತ್ತು ಮೂವತ್ತು ಸಿಟಿಂಗ್ ಆದ ಮೇಲೆ ದೂರದ್ದು ಮಸುಕಾದರೆ ಓಡಿಹೋಗಿ ಹೊಸ ಕನ್ನಡಕ ಮಾಡಿಸಬೇಡಿ. ಸಾಮಾನ್ಯವಾಗಿ ಕೆಲವು ವಾರ, ತಿಂಗಳಲ್ಲಿ ಮೊದಲಿನ ಹಾಗೆ ಆಗುತ್ತದೆ. ಆಟಿಸಂ ಗುಣವಾಗುತ್ತದೆ, ವಯಸ್ಸು ಹಿಂದೆ ಹೋಗುತ್ತದೆ ಎಂದು ಯಾರಾದರೂ ಪ್ಯಾಕೇಜ್ ಹೇಳಿದರೆ ಸುಮ್ನೆ ದುಡ್ಡು ಕೊಡಬೇಡಿ. ಅದಕ್ಕೆ ಗಟ್ಟಿ ಆಧಾರ ಇಲ್ಲ.

ಅಜ್ಜಿ ಐದನೇ ದಿನ ಮತ್ತೆ ಬಂದರು. ಬಾಗಿಲು ಹಾಕಿದೆ, ಇನ್ನೂ ಒತ್ತಡ ಏರಿಸಿಯೇ ಇಲ್ಲ, ಕೈ ಮೇಲೆ ಬಂತು. ಗಾಬರಿಯಲ್ಲಿ ಮೈಕ್ ಹಿಡಿದು "ಕಿವಿ ನೋವಾ ಅಮ್ಮ?" ಎಂದು ಕೇಳಿದೆ.

"ಇಲ್ಲಪ್ಪ. ಕೈ ಎತ್ತಿದರೆ ನಿನಗೆ ಕಾಣ್ತದಾ ಅಂತ ನೋಡಿದೆ."