ಬಾಕಿ ಸಂಬಳದ ಅರ್ಜಿ: ಮೊದಲು ಮಾಲೀಕ ಯಾರೆಂದು ಹಿಡಿಯಿರಿ

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಮಂಡ್ಯ ಜಿಲ್ಲೆಯ ತೂಬಿನಕೆರೆ, ಗೆಜ್ಜಲಗೆರೆ ಕೈಗಾರಿಕಾ ಪ್ರದೇಶಗಳ ಕಡೆ ಎರಡು ಮೂರು ತಿಂಗಳ ಸಂಬಳ ನಿಂತರೆ ಜನ ಮೊದಲು ಕೇಳುವುದು ‘ಯಾವ ಕೋರ್ಟಿಗೆ ಹೋಗಬೇಕು’ ಅಂತ. ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ. ನಿಮಗೆ ಸಂಬಳ ಕೊಡಬೇಕಾದವರು ಯಾರು? ಗೇಟಿನ ಬೋರ್ಡಿನಲ್ಲಿ ಒಂದು ಹೆಸರು, ಐಡಿ ಕಾರ್ಡಿನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇರುವುದು ಮಾಮೂಲು. ತಪ್ಪು ಹೆಸರಿನ ಮೇಲೆ ಆದೇಶ ಪಡೆದರೆ, ವಸೂಲಿ ಹೊತ್ತಿಗೆ ‘ಈ ಹೆಸರಿನ ಸಂಸ್ಥೆ ಇಲ್ಲಿಲ್ಲ’ ಎಂಬ ಒಂದು ಸಾಲಿನ ಷರಾ ಬರೆದು ಕಡತ ಕಟ್ಟಿಡುತ್ತಾರೆ.

ಹೆಸರು ಪತ್ತೆ ಮಾಡುವುದು ಕಷ್ಟವೇನಲ್ಲ. ಕಾರ್ಖಾನೆಯ ಬಿಲ್ಲಿನಲ್ಲೋ ಬೋರ್ಡಿನಲ್ಲೋ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ಹಾಕಿ ನೋಡಿದರೆ ಕಾನೂನುಬದ್ಧ ಹೆಸರೂ ವ್ಯಾಪಾರದ ಹೆಸರೂ ಬೇರೆ ಬೇರೆಯಾಗಿ ಸಿಗುತ್ತವೆ. ಹೆಸರಿನ ಕೊನೆಗೆ ‘ಪ್ರೈವೇಟ್ ಲಿಮಿಟೆಡ್’ ಇದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ನೋಂದಾಯಿತ ವಿಳಾಸ ನೋಡಿ. ಇಲ್ಲಿಯ ಎಷ್ಟೋ ಕಾರ್ಖಾನೆಗಳ ನೋಂದಾಯಿತ ಕಚೇರಿ ಬೆಂಗಳೂರಿನಲ್ಲಿರುತ್ತದೆ, ನೋಟಿಸು ಎರಡೂ ಕಡೆಗೆ ಹೋಗಬೇಕು. ಪಿಎಫ್ ಪಾಸ್‌ಬುಕ್ಕಿನ ಸಂಸ್ಥೆಯ ಹೆಸರನ್ನೂ ಇದಕ್ಕೆ ತಾಳೆ ಹಾಕಿ.

ಮಧ್ಯೆ ಗುತ್ತಿಗೆದಾರ ಇದ್ದರೆ ಅವನೊಬ್ಬನ ಮೇಲೆ ಅರ್ಜಿ ಹಾಕುವುದು ದೊಡ್ಡ ತಪ್ಪು. ಅವನ ಹತ್ತಿರ ಒಂದು ಬಾಡಿಗೆ ರೂಮು, ಒಂದು ಮೊಬೈಲ್ ನಂಬರು ಬಿಟ್ಟರೆ ಬೇರೇನೂ ಇರುವುದಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಬಂದ ಹೊಸ ಸಂಹಿತೆಗಳಲ್ಲೂ ಉಳಿದಿದೆ. ಆದ್ದರಿಂದ ಗುತ್ತಿಗೆದಾರ ಒಂದನೇ ಎದುರುದಾರ, ಕಾರ್ಖಾನೆ ಎರಡನೇ ಎದುರುದಾರ.

ಇನ್ನು ಪುರಾವೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 59ನೇ ಕಲಮಿನಂತೆ ಸಂಬಳ ಕೊಟ್ಟಾಗಿದೆ ಎಂದು ರುಜುವಾತು ಮಾಡುವ ಹೊರೆ ಮಾಲೀಕನದು. ಇದನ್ನು ಓದಿ ನೆಮ್ಮದಿಯಾಗಿ ಕೂರಬೇಡಿ. ‘ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎಂದು ಅವನು ನಿಂತರೆ, ಇದ್ದೆ ಎಂದು ತೋರಿಸಬೇಕಾದವರು ನೀವೇ. ಹಿಂದಿನ ತಿಂಗಳುಗಳ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟು, ಪಿಎಫ್ ಪಾಸ್‌ಬುಕ್ಕು, ಇಎಸ್‌ಐ ಸಂಖ್ಯೆ, ಗೇಟ್ ಪಾಸು, ಸೂಪರ್‌ವೈಸರ್ ಶಿಫ್ಟ್ ಹಾಕಿದ ವಾಟ್ಸಾಪ್ ಸಂದೇಶ, ಇವೆಲ್ಲ ಕೆಲಸಕ್ಕೆ ಬರುತ್ತವೆ. ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಕಳಿಸಿಟ್ಟುಕೊಳ್ಳಿ, ಮೂಲ ಫೋನನ್ನು ಮಾರಬೇಡಿ. ಪ್ರಿಂಟ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ದೃಢೀಕರಣ) ಕೇಳಬಹುದು. ಕೈಯಲ್ಲೇ ನಗದು ಪಡೆದವರಿಗೆ ಜೊತೆಯಲ್ಲಿ ದುಡಿದವರ ಹೇಳಿಕೆಯೇ ಆಧಾರ. ಅದಕ್ಕೇ ಒಬ್ಬೊಬ್ಬರೇ ಹೋಗುವ ಬದಲು ಒಟ್ಟಾಗಿ ಹೋಗಿ. ಒಂದೇ ಸಂಸ್ಥೆಯ ಎಷ್ಟು ಜನ ಬೇಕಾದರೂ ಸೇರಿ ಒಂದೇ ಅರ್ಜಿ ಹಾಕಲು ಅವಕಾಶವಿದೆ, ನೋಂದಾಯಿತ ಯೂನಿಯನ್ ಕೂಡ ಸದಸ್ಯರ ಪರವಾಗಿ ಹಾಕಬಹುದು.

ಖಾಲಿ ಹಾಳೆಗೆ, ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿಗೆ, ‘ಫುಲ್ ಅಂಡ್ ಫೈನಲ್’ ಎಂದು ಬರೆದ ಕಾಗದಕ್ಕೆ ದುಡ್ಡು ಕೈ ಸೇರುವ ಮುಂಚೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಪಡೆದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ‘ಉಳಿದ ಬಾಕಿಯ ಹಕ್ಕು ಕಾಯ್ದಿರಿಸಿ’ ಎಂದು ಕೆಳಗೆ ಸೇರಿಸಿ.

ಲೆಕ್ಕ ಬರೆಯದೆ ‘ಮೂರು ತಿಂಗಳ ಸಂಬಳ ಬಾಕಿ’ ಎಂದಷ್ಟೇ ಬರೆದ ಅರ್ಜಿಗಳೇ ಹೆಚ್ಚು. ತಿಂಗಳಿಗೆ 15,600 ರೂಪಾಯಿ ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75. ಓಟಿ ದುಪ್ಪಟ್ಟು ದರದಲ್ಲಿ, ಅಂದರೆ ಗಂಟೆಗೆ 150. ಎರಡು ತಿಂಗಳು ಹನ್ನೊಂದು ದಿನದ ಬಾಕಿ 31,200 ಮತ್ತು 6,600. ಅದರ ಜೊತೆ 40 ಗಂಟೆ ಓಟಿಗೆ 6,000. ಒಟ್ಟು 43,800 ರೂಪಾಯಿ. ಇದನ್ನು ತಿಂಗಳುವಾರು ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿ. ಗ್ರಾಚ್ಯುಟಿಯನ್ನು ಇದರಲ್ಲಿ ಬೆರೆಸಬೇಡಿ, ಅದರ ಪ್ರಾಧಿಕಾರ ಬೇರೆ. ಪರಿಹಾರವನ್ನು ಮಾತ್ರ ಇದೇ ಅರ್ಜಿಯಲ್ಲಿ ಬಾಯಿಬಿಟ್ಟು ಕೇಳಬೇಕು: ಬಾಕಿಯ ಹತ್ತು ಪಟ್ಟಿನವರೆಗೂ ಕೊಡಿಸುವ ಅಧಿಕಾರ ಸಂಬಳದ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಹತ್ತು ಪಟ್ಟು ಸಿಕ್ಕೇ ಬಿಡುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಆದರೆ ಕೇಳದೆ ಬಿಡಲೂಬೇಡಿ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ಕೆಲಸ ಬಿಟ್ಟರೂ ಅವರೇ ತೆಗೆದರೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಸಂಹಿತೆ ಅರ್ಜಿಗೆ ಮೂರು ವರ್ಷ ಕಾಲಾವಕಾಶ ಕೊಡುತ್ತದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು, ಕನಿಷ್ಠ ವೇತನ ಕಾಯ್ದೆಯಲ್ಲಿ ಆರೇ ತಿಂಗಳು ಇತ್ತು. ನಿಮ್ಮ ಬಾಕಿ ನವೆಂಬರ್ 2025ಕ್ಕೂ ಹಿಂದಿನದಾದರೆ ಮೂರು ವರ್ಷದ ಮಾತು ಮರೆತು ಈಗಲೇ ಹಾಕಿ. ತಡವಾಗಿದ್ದರೆ ಕಾರಣ ಬರೆದು ಮನ್ನಿಸುವಂತೆ ಕೇಳಿ. 24,000 ರೂಪಾಯಿಗಿಂತ ಹೆಚ್ಚು ಸಂಬಳದವರಿಗೆ ಹಳೆಯ ವೇತನ ಪಾವತಿ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಈಗ ಆ ಮಿತಿ ಇಲ್ಲ, ಸೂಪರ್‌ವೈಸರ್, ಮ್ಯಾನೇಜರ್ ಕೂಡ ಬರುತ್ತಾರೆ.

ಮೊದಲು ಒಂದು ನೋಟಿಸು. ಹತ್ತು ಸಾಲು ಸಾಕು: ಕೆಲಸಕ್ಕೆ ಸೇರಿದ ದಿನ, ಹುದ್ದೆ, ಬಾಕಿ ಮೊತ್ತ, 15 ದಿನದ ಗಡುವು. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಸೀದಿ, ಟ್ರ್ಯಾಕಿಂಗ್ ಪ್ರಿಂಟು ಇಟ್ಟುಕೊಳ್ಳಿ. ‘ನಿರಾಕರಿಸಿದ್ದಾರೆ’ ಎಂದು ವಾಪಸ್ ಬಂದ ಕವರನ್ನು ಒಡೆಯಬೇಡಿ, ಅದೇ ಸಾಕ್ಷಿ. ನಂತರ ಜಿಲ್ಲೆಯ ಕಾರ್ಮಿಕ ಇಲಾಖೆಗೆ. ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಉದ್ದಿಮೆಗಳಲ್ಲಿ ಗುತ್ತಿಗೆ ಮೇಲೆ ಇರುವವರು ಕೇಂದ್ರ ಕಾರ್ಮಿಕ ಇಲಾಖೆಗೆ ಹೋಗಬೇಕು. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಅಲೆಯುವವರಿದ್ದಾರೆ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ತಾರೀಕು ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ವಕೀಲರಿಗೆ ದುಡ್ಡಿಲ್ಲ ಅನ್ನುವವರು ಮೈಸೂರು ಅಥವಾ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಮಾತ್ರವಲ್ಲ, ‘ಕೈಗಾರಿಕಾ ಕಾರ್ಮಿಕ’ ಎಂಬುದೇ ಪ್ರತ್ಯೇಕ ಅರ್ಹತೆ. ಆದಾಯದ ಮಿತಿ ಇವರಿಗಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂತಿಗೆ ಒಪ್ಪುವುದಾದರೆ ಪ್ರತಿ ಕಂತಿನ ತಾರೀಕು, ಒಂದು ಕಂತು ತಪ್ಪಿದರೆ ಪೂರ್ತಿ ಮೊತ್ತ ಒಮ್ಮೆಗೇ ಎಂಬ ಷರತ್ತು ಬರೆಸಿಕೊಳ್ಳಿ.

ರಾಜಿಯಲ್ಲಿ ಚೆಕ್ ಕೊಟ್ಟರೆ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನವಾದರೂ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಮಾಲೀಕರು ನಿಜಕ್ಕೂ ಹೆದರುವುದು ಇದಕ್ಕೇ.

ಆಲೆಮನೆ, ಕಬ್ಬು ಕಡಿಯುವ ಗುಂಪುಗಳ ದಾರಿ ಬೇರೆ. ಮುಂಗಡ ತೀರುವವರೆಗೆ ಹೋಗಕೂಡದು ಎಂದು ಕೂಲಿ ಕೊಡದೆ ಇರಿಸಿಕೊಂಡರೆ ಅದು ಬರೀ ಬಾಕಿಯಲ್ಲ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಜೀತ. ಮೈಸೂರು, ಹುಣಸೂರು, ಮಂಡ್ಯ, ಪಾಂಡವಪುರದ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬೇಕು. ಜೀತವೆಂದು ತೀರ್ಮಾನವಾದರೆ ಮುಂಗಡದ ಸಾಲ ರದ್ದಾಗುತ್ತದೆ.

ಆದೇಶ ಬಂದರೂ ಮಾಲೀಕ ಕೊಡದಿದ್ದರೆ ಪ್ರಾಧಿಕಾರ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಕಡತ ತಹಸೀಲ್ದಾರರ ಕಚೇರಿಗೆ ಇಳಿದು ಅಲ್ಲೇ ಮಲಗುವುದು ಸಾಮಾನ್ಯ, ಏಕೆಂದರೆ ಯಾವ ಆಸ್ತಿ ಹಿಡಿಯಬೇಕೆಂದು ಅದರಲ್ಲಿ ಬರೆದಿರುವುದಿಲ್ಲ. ಅದನ್ನು ನೀವೇ ಕೊಡಿ: ಮಾಲೀಕನ ಜಮೀನಿನ ಪಹಣಿ, ಸರ್ವೆ ನಂಬರು, ವಾಹನಗಳ ನೋಂದಣಿ ಸಂಖ್ಯೆ, ನಿಮಗೆ ಸಂಬಳ ಬರುತ್ತಿದ್ದ ಖಾತೆಯ ಬ್ಯಾಂಕು ಮತ್ತು ಶಾಖೆ. ಯಂತ್ರಗಳನ್ನು ಲಾರಿಗೆ ಹೇರುತ್ತಿದ್ದರೆ ಫೋಟೊ ತೆಗೆದು ಅವತ್ತೇ ಲಿಖಿತವಾಗಿ ತಿಳಿಸಿ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಈ ವಸೂಲಿ ನಿಲ್ಲುತ್ತದೆ. ಆಗ ಪತ್ರಿಕೆಯಲ್ಲಿ ಬರುವ ಪ್ರಕಟಣೆಯಲ್ಲಿರುವ ಕೊನೆಯ ದಿನದೊಳಗೆ ಪರಿಹಾರ ವೃತ್ತಿಪರರಿಗೆ (ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್) ಬಾಕಿ ಕೇಳುವ ಫಾರಂ ಡಿ, ಗುಂಪಿನ ಪರವಾಗಿ ಒಬ್ಬರೇ ಸಲ್ಲಿಸುವುದಾದರೆ ಫಾರಂ ಇ ಕೊಡಬೇಕು. ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಕಾರ್ಮಿಕರ 24 ತಿಂಗಳ ಬಾಕಿ ಅಡಮಾನ ಸಾಲ ಕೊಟ್ಟ ಬ್ಯಾಂಕಿನ ಸಮಕ್ಕೆ ನಿಲ್ಲುತ್ತದೆ. ಕಾರ್ಮಿಕ ಎನಿಸದ ಇತರ ನೌಕರರ 12 ತಿಂಗಳ ಬಾಕಿ ಅದರ ನಂತರದ ಸಾಲಿಗೆ ಬರುತ್ತದೆ.