ಹುಡುಗ್ರು ಉಂಟು ಮೇಡಂ

ಭಾನುವಾರ ಉಡುಪಿಯಿಂದ ವಾಪಸ್ ಬಂದೆವು. ಇವತ್ತು ಗುರುವಾರ. ಬಟ್ಟೆ ಒಗೆದಾಯಿತು, ಕಾರಿನ ಡಿಕ್ಕಿಯಲ್ಲಿದ್ದ ಮರಳು ಗುಡಿಸಿದ್ದಾಯಿತು. ಒಂದು ಮಾತು ಮಾತ್ರ ಕಿವಿಯಿಂದ ಹೋಗುತ್ತಿಲ್ಲ. "ಹುಡುಗ್ರು ಉಂಟು ಮೇಡಂ. ಎತ್ತಿ ತರ್ತಾರೆ. ಎಂತ ತೊಂದ್ರೆ ಇಲ್ಲ."

ಒಬ್ಬರಲ್ಲ, ಮೂವರು ಹೀಗೇ ಹೇಳಿದರು. ಮೂರು ಬೇರೆ ಬೇರೆ ಲಾಡ್ಜು. ಪದ ಆಚೆ ಈಚೆ ಇರಬಹುದು, ಮಾತು ಅದೇ.

ಅಮ್ಮನಿಗೆ ಸಮುದ್ರ ನೋಡಬೇಕಿತ್ತು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆದಮೇಲೆ ಬಲಗೈ, ಬಲಗಾಲು ಅಷ್ಟಕ್ಕಷ್ಟೇ. ಎಡಗೈಯಲ್ಲಿ ವೀಲ್‌ಚೇರ್ ಚಕ್ರ ತಿರುಗಿಸುತ್ತಾ, ಎಡಗಾಲಲ್ಲಿ ನೆಲ ಒತ್ತುತ್ತಾ ಮನೆಯೊಳಗೆ ತಾನೇ ಓಡಾಡುತ್ತಾಳೆ. ಸ್ವಲ್ಪ ಸೊಟ್ಟ ಹೋಗುತ್ತದೆ, ಗೋಡೆಗೆ ತಾಗುತ್ತದೆ, ಆದರೂ ಹೋಗುತ್ತಾಳೆ. ಶಿವಮೊಗ್ಗದಿಂದ ಉಡುಪಿ ಏನು ದೂರ? ಬೆಳಿಗ್ಗೆ ಹೊರಟರೆ ಆಗುಂಬೆ ಘಾಟಿ ಇಳಿದು ಊಟದ ಹೊತ್ತಿಗೆ ಅಲ್ಲಿರುತ್ತೇವೆ. ರೂಮಿನದ್ದೇನು ಮಹಾ, ಫೋನ್‌ನಲ್ಲಿ ಬುಕ್ ಮಾಡಿದರಾಯಿತು ಅಂದುಕೊಂಡಿದ್ದೆ. ರೂಮು ಹುಡುಕೋದಕ್ಕೇ ಮೂರು ದಿನ ಹಿಡಿಯಿತು.

ಬುಕಿಂಗ್ ಆ್ಯಪ್‌ನಲ್ಲಿ ವೀಲ್‌ಚೇರ್ ಅಂತ ಒಂದು ಗುರುತು ಇರುತ್ತದೆ, ಅದನ್ನು ಒತ್ತಿ ಹುಡುಕಿದೆ. ಸಾಕಷ್ಟು ಬಂದವು. ಒಂದೊಂದಕ್ಕೇ ಫೋನ್ ಮಾಡಿದಾಗ ಗೊತ್ತಾಯಿತು, ಆ ಗುರುತಿಗೆ ಅರ್ಥ "ಲಿಫ್ಟ್ ಇದೆ" ಅಂತ ಅಷ್ಟೇ. ಆ ಲಿಫ್ಟೋ, ಐದು ಮೆಟ್ಟಿಲು ಹತ್ತಿದ ಮೇಲೆ ಶುರುವಾಗುತ್ತದೆ. ಇದನ್ನು ಕಟ್ಟಿದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲಿ ಅಜ್ಜಿ ಇರಲಿಲ್ಲವಾ ಅಂತ ಕೇಳಬೇಕು ಅನ್ನಿಸುತ್ತದೆ. ಇನ್ನೊಂದು ಕಡೆ ರ‍್ಯಾಂಪ್ ಇದೆ ಅಂದರು. ಫೋಟೋ ಕಳಿಸಿದರು. ಸ್ಕೂಟರ್ ಹತ್ತಿಸೋ ಇಳಿಜಾರು ಅದು. ನಮ್ಮೂರುಗಳಲ್ಲಿ ಪ್ರತಿ ಮನೆ ಮುಂದೆ ಇರುತ್ತದಲ್ಲ, ಹಾಗೇ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಅನ್ನೋದು ರ‍್ಯಾಂಪಿನ ಲೆಕ್ಕ. ಏಳೇಳು ಇಂಚಿನ ಎರಡು ಮೆಟ್ಟಿಲಿಗೆ 14 ಅಡಿ ರ‍್ಯಾಂಪ್ ಬೇಕು. ಅವರದ್ದು ಮೂರಡಿಯೂ ಇರಲಿಲ್ಲ. ಅದರಲ್ಲಿ ಅಮ್ಮನನ್ನು ಇಳಿಸಿದರೆ ನೇರ ರಸ್ತೆಯ ಮಧ್ಯಕ್ಕೇ.

ಒಂದು ದೊಡ್ಡ ಹೋಟೆಲಿನಲ್ಲಿ ನಿಜವಾಗಿಯೂ ಇಂಥವರಿಗೆಂದೇ ಮಾಡಿದ ರೂಮಿತ್ತು. ಇಡೀ ಹೋಟೆಲಿಗೆ ಒಂದೇ. ಅಗಲದ ಬಾಗಿಲು, ಟಾಯ್ಲೆಟ್ ಪಕ್ಕ ಹಿಡಿದುಕೊಳ್ಳೋಕೆ ಸ್ಟೀಲ್ ಕಂಬಿ, ಎಲ್ಲಾ ಇತ್ತು. ಆದರೆ ಕಂಬಿ ಇದ್ದದ್ದು ಬಲಗಡೆ. ಅಮ್ಮನ ಬಲಗೈಗೆ ಹಿಡಿತವೇ ಇಲ್ಲ. "ಎಡಗಡೆ ಇರೋ ರೂಮು ಇದೆಯಾ?" ಅಂದೆ. ಆ ಕಡೆಯ ಹುಡುಗಿ ಒಂದು ಕ್ಷಣ ಸುಮ್ಮನಾದಳು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೇನೋ. ಬಾಡಿಗೆ ಕೇಳಿ ನಾನೂ ಸುಮ್ಮನಾದೆ.

ಉಳಿದವರ ಉತ್ತರ, ಹುಡುಗ್ರು ಉಂಟು ಮೇಡಂ.

"ನಾನೇನು ಅಕ್ಕಿ ಮೂಟೆನಾ?" ಅಂದಳು ಅಮ್ಮ. ಸ್ಪೀಕರ್ ಹಾಕಿದ್ದೆ, ಅವಳಿಗೆ ಎಲ್ಲಾ ಕೇಳಿಸಿತ್ತು.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಹೇಳಿದರೆ ಕಾನೂನು ಕಳಿಸಿದ. ಸಹಾಯ ಕೇಳಿದಾಗ ಮಾಹಿತಿ ಕಳಿಸೋದು ಅವನ ಹಳೇ ಚಾಳಿ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದೆಯಂತೆ. ಸರ್ಕಾರಿ ಕಟ್ಟಡ ಮಾತ್ರ ಅಲ್ಲ, ಜನರಿಗೆ ಸೇವೆ ಕೊಡೋ ಖಾಸಗಿಯವರೂ ಎಲ್ಲರೂ ಓಡಾಡುವ ಹಾಗೆ ಮಾಡಬೇಕಂತೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಿಯಮಗಳು ಬರೀ ಸಲಹೆಯ ಥರ ಇದ್ದರೆ ಸಾಲದು, ಕಡ್ಡಾಯ ಅಂತ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತ್ತು. "ಕೇಸ್ ಹಾಕಬಹುದು ಅಕ್ಕ" ಅಂದ. ನನಗೆ ಬೇಕಿದ್ದದ್ದು ಎರಡು ರಾತ್ರಿಗೆ ಒಂದು ಬಾತ್‌ರೂಮು ಕಣೋ ಅಂದೆ.

ನಿಜ ಹೇಳಬೇಕೆಂದರೆ ರೂಮು ಹುಡುಕೋದು ಅಂದರೆ ಬಾತ್‌ರೂಮ್ ಹುಡುಕೋದೇ. ಹಾಸಿಗೆ, ಎಸಿ, ಟಿವಿ ಎಲ್ಲಾ ಆಮೇಲೆ. ಕಡೆಗೆ ಮಲ್ಪೆ ಕಡೆಯ ಒಂದು ಚಿಕ್ಕ ವಸತಿಗೃಹದವರಿಗೆ ಹೇಳಿದೆ, ಬಾತ್‌ರೂಮ್ ಬಾಗಿಲಿಗೆ ಟೇಪ್ ಹಿಡಿದು ಫೋಟೋ ಕಳಿಸಿ ಅಂತ. ಓನರ್‌ಗೆ ನಾನು ತಮಾಷೆ ಮಾಡ್ತಿದ್ದೀನಿ ಅನ್ನಿಸಿರಬೇಕು, ಆದರೂ ಕಳಿಸಿದರು. 28 ಇಂಚು. ಅಮ್ಮನ ಕುರ್ಚಿ 25. ರೂಮು ನೆಲಮಟ್ಟದಲ್ಲೇ ಇತ್ತು. ಹೊರಗಿನ ಮೆಟ್ಟಿಲು ಎರಡೇ. "ಅದಕ್ಕೆ ಹುಡುಗ್ರು ಉಂಟು ಮೇಡಂ." ಸರಿ, ಅಲ್ಲಿ ಹೋಗಿ ನೋಡೋಣ ಅಂತ ದುಡ್ಡು ಕಟ್ಟಿದೆ.

ಶುಕ್ರವಾರ ಹೊರಟಾಗ ಡಿಕ್ಕಿಯಲ್ಲಿ ಮಡಚಿದ ವೀಲ್‌ಚೇರ್, ಕಮೋಡ್ ಮೇಲಿಡುವ ಸ್ಟೀಲ್ ಫ್ರೇಮು, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು, ರಬ್ಬರ್ ಮ್ಯಾಟು. ಬಟ್ಟೆ ಬ್ಯಾಗು ಕಾಲಡಿ. ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದರೆ ಅಮ್ಮ ಬೇಡ ಅಂದಳು. ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ಎಳನೀರು ಕೊಟ್ಟರೆ ಅದೂ ಬೇಡ. ತಲೆ ಸುತ್ತುತ್ತಾ, ತಿರುವಿಗೆ ಭಯವಾ ಅಂತ ನಾನು ಕೇಳುತ್ತಲೇ ಇದ್ದೆ. 14 ತಿರುವೂ ಇಳಿದು ಸೋಮೇಶ್ವರ ದಾಟಿದ ಮೇಲೆ ಹೊಳೆಯಿತು. ದಾರಿಯಲ್ಲಿ ಎಲ್ಲೂ ತನಗೆ ಆಗುವಂಥ ಟಾಯ್ಲೆಟ್ ಇಲ್ಲ ಅಂತ ಅವಳಿಗೆ ಗೊತ್ತು. ಬೆಳಿಗ್ಗೆ ಮಾತ್ರೆ ನುಂಗುವಾಗ ಕುಡಿದ ಅರ್ಧ ಲೋಟ ನೀರೇ ಕೊನೆ. ಅವಳು ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೂರು ದಿನ ಇಂಚುಪಟ್ಟಿ ಹಿಡಿದು ಕೂತವಳು ನಾನು!

ವಸತಿಗೃಹದ ಮುಂದೆ ಕಾರು ನಿಂತ ತಕ್ಷಣ ಹುಡುಗ್ರು ಬಂದರು. ಇಬ್ಬರು. ಇಪ್ಪತ್ತು, ಇಪ್ಪತ್ತೆರಡರ ವಯಸ್ಸು, ಒಳ್ಳೆ ಹುಡುಗರು. ನಾನು ಡಿಕ್ಕಿ ತೆಗೆದು ಕುರ್ಚಿ ಬಿಚ್ಚುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಒಬ್ಬ ಅಮ್ಮನ ಕಂಕುಳಿಗೆ ಕೈ ಹಾಕಿದ್ದ, ಇನ್ನೊಬ್ಬ ಮೊಣಕಾಲಿನ ಕೆಳಗೆ. ಅಮ್ಮ ಗಾಳಿಯಲ್ಲಿದ್ದಳು. ಸೆರಗು ಜಾರಿತ್ತು. ಎಡಗೈಯಲ್ಲಿ ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಹುಡುಗ ಎಳೆದರೂ ಬಿಡಲಿಲ್ಲ.

"ಇಳಿಸಪ್ಪಾ" ಅಂದಳು. ಜೋರಾಗಿ ಅಲ್ಲ. ಮೇಷ್ಟರಾಗಿ ಮೂವತ್ತು ವರ್ಷ ಮಕ್ಕಳ ಜೊತೆ ಮಾತಾಡಿದ ದನಿಯಲ್ಲಿ.

ಆರು ದಿನದಿಂದ ಅದೇ ಕಣ್ಣ ಮುಂದೆ. ಆ ಕೈ, ಬಿಡದ ಆ ಬೆರಳುಗಳು. ಹುಡುಗ ಇಳಿಸಿದ, ಮುಖ ಸಣ್ಣದಾಯಿತು ಅವನಿಗೆ. ಪಾಪ, ಓನರ್ ಹೇಳಿದ್ದನ್ನು ಮಾಡಿದ. ಓನರ್ ಮೇಲೆ ಮಾತ್ರ ನನಗೆ ಪಾಪ ಅನ್ನಿಸಲಿಲ್ಲ. ಒಳ್ಳೆಯತನ ತೋರಿಸೋದರಲ್ಲಿ ಅವರಿಗೆ ಕೊರತೆ ಇಲ್ಲ, ಹೊರೋಕೆ ಮಾತ್ರ ಬೇರೆಯವರ ಬೆನ್ನು.

ಮೆಟ್ಟಿಲ ಮುಂದೆ ನಿಂತು ಏನು ಮಾಡೋದು ಅಂತ ಯೋಚಿಸುವಾಗ ಅಡುಗೆ ಮಾಡುವ ವಯಸ್ಸಾದವರೊಬ್ಬರು ಹೊರಗೆ ಬಂದರು. "ಹಿಂದಿನಿಂದ ಬನ್ನಿ ಅಮ್ಮ, ಅಲ್ಲಿ ಮೆಟ್ಟಿಲು ಇಲ್ಲ" ಅಂದರು. ಹಿಂದೆ ಅಡುಗೆಮನೆಯ ಬಾಗಿಲು. ಸಾಮಾನಿನ ಗಾಡಿ ಒಳಗೆ ಹೋಗಲಿ ಅಂತ ಉದ್ದಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿದ್ದರು, ಚಂದದ ರ‍್ಯಾಂಪು. ಸ್ಕೂಟರಿನದ್ದಲ್ಲ. ಈರುಳ್ಳಿ ಚೀಲ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಅಮ್ಮ ತಾನೇ ಚಕ್ರ ತಿರುಗಿಸಿಕೊಂಡು ಒಳಗೆ ಹೋದಳು. ಗೋಡೆಗೆ ಒರಗಿಸಿದ್ದ 25 ಕೆಜಿ ಅಕ್ಕಿ ಮೂಟೆಗಳನ್ನು ನೋಡಿ ನನ್ನ ಕಡೆ ತಿರುಗಿದಳು. "ಹೇಳಲಿಲ್ವಾ?" ಇಬ್ಬರೂ ನಕ್ಕೆವು. ಅಡುಗೆಯವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ಬಾತ್‌ರೂಮಿನಲ್ಲಿ ಇನ್ನೊಂದು ಆಟ. 28 ಇಂಚು ಸುಳ್ಳಲ್ಲ, ಆದರೆ ಅದು ಚೌಕಟ್ಟಿನ ಅಳತೆ. ಬಾಗಿಲು ಒಳಗೆ ತೆರೆಯುತ್ತಿತ್ತು, ವಾಷ್‌ಬೇಸಿನ್‌ಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದದ್ದು 24 ಚಿಲ್ಲರೆ. ಕುರ್ಚಿ ಸಿಕ್ಕಿಕೊಂಡಿತು. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಮ್ಮ ಅರ್ಧ ಇಂಚಿನ ಆಚೆ ಕೂತಿದ್ದಾಳೆ. ಓನರ್ ಬಂದರು. ಹುಡುಗ್ರನ್ನು ಕರೆಯಲಾ ಅಂತ ಶುರುಮಾಡಿದರು. ಅಡುಗೆಯವರು ಬಾಗಿಲನ್ನು ಮೇಲೆ ಕೆಳಗೆ ನೋಡಿ, "ಇದನ್ನು ಬಿಚ್ಚಿದ್ರೆ ಆಯ್ತಲ್ಲ ಮಾರಾಯ್ರೆ" ಅಂದರು.

ಸ್ಕ್ರೂಡ್ರೈವರ್ ತಂದರು. ಕೀಲು ಬಿಚ್ಚಿ, ಬಾಗಿಲನ್ನು ಹೊರಗಿನ ಗೋಡೆಗೆ ಒರಗಿಸಿ, ಎರಡು ಮೊಳೆಗೆ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟರು. ಹತ್ತೋ ಹನ್ನೆರಡೋ ನಿಮಿಷ. ಮೂರು ದಿನ ನಾನು ಫೋನ್‌ನಲ್ಲಿ ಕೇಳಿದವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ, ನನಗೂ ಕೂಡ. ಹೊಸ್ತಿಲ ಕಲ್ಲು ಒಂದು ಇಂಚು ಎದ್ದಿತ್ತು, ಅದಕ್ಕೆ ನಮ್ಮ ರಬ್ಬರ್ ಮ್ಯಾಟು ಮಡಚಿ ಹಾಕಿದೆವು. ಅಮ್ಮ ಒಳಗೆ ಹೋದಳು. ಅವತ್ತು ರಾತ್ರಿಯೆಲ್ಲಾ ಅವಳು ಹೋದಾಗಲೆಲ್ಲಾ ನಾನು ಬೆಡ್‌ಶೀಟಿನ ಹೊರಗೆ ನಿಂತು "ಆಯ್ತಾ? ಸರಿ ಇದೀಯಾ?" ಅಂತ ಕೇಳುತ್ತಿದ್ದೆ.

ಶನಿವಾರ ಬೆಳಿಗ್ಗೆ ಕೃಷ್ಣಮಠ. ಒಳಗೆ ಹೋಗುವ ಮಾತನ್ನು ಅಮ್ಮನೇ ತೆಗೆದುಹಾಕಿದಳು. ರಥಬೀದಿಯಲ್ಲಿ ನಿಲ್ಲಿಸು ಸಾಕು ಅಂದಳು. ಕನಕನ ಕಿಂಡಿಯ ಎದುರು ನಿಲ್ಲಿಸಿದೆ. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಎದೆಗೆ ತಂದು ಕೈ ಮುಗಿದಳು. ಹೊರಗೆ ನಿಂತ ಕನಕದಾಸರಿಗೆ ದರ್ಶನ ಕೊಡೋಕೆ ಕೃಷ್ಣನೇ ಪಶ್ಚಿಮಕ್ಕೆ ತಿರುಗಿದ ಅನ್ನೋ ಕಥೆ ಯಾರಿಗೆ ಗೊತ್ತಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರೇ ತಿರುಗಿದನಂತೆ. ಇವರಿಗೆ ಬಾತ್‌ರೂಮ್ ಬಾಗಿಲು ಹೊರಗಡೆಗೆ ತಿರುಗಿಸೋಕೆ ಏನು ಕಷ್ಟ?" ಅಂದಳು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಇದೇನೋ ಸ್ತೋತ್ರ ಅಂದುಕೊಂಡು ಕೈ ಮುಗಿದರು.

ಸಂಜೆ ಮಲ್ಪೆ. ಪಡುಬಿದ್ರಿಗೆ ಹೋಗೋಣವಾ ಅಂತ ಮೊದಲೇ ಕೇಳಿದ್ದೆ. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡೋ ಅಂತರರಾಷ್ಟ್ರೀಯ ಗುರುತು, ಅದು ಸಿಗಬೇಕಾದರೆ ನೋಡುವ ವಿಷಯಗಳಲ್ಲಿ ನಡೆಯಲಾಗದವರಿಗೆ ಸೌಕರ್ಯ ಅನ್ನೋದೂ ಒಂದು. ಊಹುಂ, ಅಪ್ಪನ ಜೊತೆ ಬಂದದ್ದು ಮಲ್ಪೆಗೆ, ಮಲ್ಪೆಯೇ ಬೇಕು. ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಮರಳು ಕಂಡರೆ ಹೂತುಕೊಳ್ಳುತ್ತದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಚಕ್ರದ ಮೇಲೆ ನಿಲ್ಲಿಸಿ, ನಾವು ಹಿಂದು ಹಿಂದಕ್ಕೆ ಎಳೆಯಬೇಕು. ಹಾಗೆ ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿಕೊಂಡೇ ಸಮುದ್ರದ ಹತ್ತಿರ ಹೋದಳು. ಗಟ್ಟಿ ಹಸಿ ಮರಳು ಸಿಕ್ಕಮೇಲೆ ತಿರುಗಿಸಿದೆ. ಅಲೆ ಬಂದು ಚಕ್ರ ನೆನೆಸಿತು, ಅಮ್ಮನ ಪಾದ ನೆನೆಸಿತು. ಬಲಪಾದಕ್ಕೆ ತಣ್ಣಗಿರೋದು ಗೊತ್ತಾಗುತ್ತಾ ಅಂತ ಕೇಳಬೇಕೆಂದಿದ್ದೆ, ಕೇಳಲಿಲ್ಲ.

ನಾನು ಮತ್ತೆ ಹುಡುಗ್ರ ಕಥೆ ತೆಗೆದೆ. ಕೇಳದೆ ಮುಟ್ಟೋದು ಅಂದರೇನು, ಇವರಿಗೆ ಯಾರೂ ಹೇಳಿಕೊಟ್ಟಿಲ್ಲವಾ, ಹೋಗುವಾಗ ಓನರ್‌ಗೆ ಸರಿಯಾಗಿ ಹೇಳ್ತೀನಿ ಅಂತೆಲ್ಲಾ.

"ಆ ಹುಡುಗನಿಗೆ ಬೈಬೇಡ" ಅಂದಳು ಅಮ್ಮ. "ನೀನು ದಿನಾ ಬೆಳಿಗ್ಗೆ ಮಾಡೋದು ಅದೇ ಅಲ್ವಾ?"

ನನಗೆ ಮಾತು ಹೊರಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ನನ್ನ ಬಸ್ಸು. ಮಂಚದಿಂದ ಕುರ್ಚಿಗೆ ಬರೋಕೆ ಅಮ್ಮನಿಗೆ ಆರೇಳು ನಿಮಿಷ ಬೇಕು. ಮೊದಲು ಒಂದು ಪಕ್ಕಕ್ಕೆ ಹೊರಳಬೇಕು, ಎಡಗೈ ಊರಿ ಏಳಬೇಕು, ಕಾಲು ಇಳಿಸಬೇಕು, ಉಸಿರು ತಗೋಬೇಕು. ನಾನು ಕಾಯೋದಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿಬಿಡುತ್ತೇನೆ. ಅರ್ಧ ನಿಮಿಷದ ಕೆಲಸ. ಎರಡು ವರ್ಷದಲ್ಲಿ ಒಂದು ದಿನವೂ ಎತ್ತಲಾ ಅಂತ ಕೇಳಿದ ನೆನಪಿಲ್ಲ. ಅವಳು ಹಿಡಿದುಕೊಳ್ಳೋಕೆ ಅಲ್ಲಿ ಕಾರಿನ ಬಾಗಿಲು ಇರಲಿಲ್ಲ ಅಷ್ಟೇ. ಫೋನ್‌ನಲ್ಲಿ ಮೂವರು ಹೇಳಿದಾಗ ನನಗೆ ಉರಿದುಹೋಗಿತ್ತಲ್ಲ, ನಮ್ಮ ಮನೆಯಲ್ಲಿ ಆ ಹುಡುಗ ನಾನೇ ಆಗಿದ್ದೆ. ಎಂತ ತೊಂದ್ರೆ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡು.

ಓನರ್‌ಗೆ ಏನೂ ಹೇಳಲಿಲ್ಲ. ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಿ ಅಂತ ಮಾತ್ರ ಅಂದೆ. ನೋಡುವಾ ಅಂದರು.

ಶನಿವಾರ ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರವಾಯಿತು. ಅಮ್ಮ ಹೊರಳುತ್ತಿದ್ದಳು. ಮಂಚ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಕುರ್ಚಿಯ ಬ್ರೇಕ್ ಸರಿಯಾಗಿ ಹಾಕಿದ್ದೆನಾ ಅಂತ ನೆನಪು ಮಾಡಿಕೊಂಡೆ. ಹಾಕಿದ್ದೆ. ಬಹಳ ಹೊತ್ತಾದ ಮೇಲೆ ಮೈಭಾರ ಕುರ್ಚಿಗೆ ಬಿದ್ದ ಸದ್ದು. ಬ್ರೇಕ್ ಬಿಚ್ಚಿದ ಸದ್ದು. ಚಕ್ರ ಕತ್ತಲಲ್ಲಿ ಗೋಡೆಗೆ ಒಂದು ಸಲ ತಾಗಿತು. ಏಳಬೇಕು ಅಂತ ಮೈಯೆಲ್ಲಾ ಬಿಗಿಯಾಗಿತ್ತು. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆಡ್‌ಶೀಟ್ ಸರಿಯಿತು. ಸ್ಟೀಲ್ ಫ್ರೇಮು ಟಣ್ ಅಂದಿತು. ಆಮೇಲೆ ಏನೂ ಇಲ್ಲ, ಬರೀ ದೂರದ ಅಲೆ. ಆಮೇಲೆ ನೀರು ಬಿಟ್ಟ ಸದ್ದು.

ಅವಳು ವಾಪಸ್ ಬಂದು ಮಂಚ ಹತ್ತುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದೆ, ನಿದ್ದೆ ಬಂದವಳ ಹಾಗೆ.

"ಎಚ್ಚರ ಇದೀಯ ಅಂತ ಗೊತ್ತು" ಅಂದಳು. "ಮಲಕ್ಕೋ."